ನೀಲಿ ತಿರುಗಿದ ಪೈಪು

ನಮ್ಮ ಮಾವನವರ ಮೋಟರ್ ಸೈಕಲ್ಲಿನ ಪೈಪು ತಿಕ್ಕುವ ಕೆಲಸ ನನ್ನ ಪಾಲಿಗೆ ಬಂದದ್ದು ಪೂಜೆಯ ಸಾಮಾನಿನ ಜೊತೆಯಲ್ಲಿ. ಅಮಾವಾಸ್ಯೆಯ ಹಿಂದಿನ ದಿನ ದೀಪ, ಗಂಟೆ, ಆರತಿ ತಟ್ಟೆ, ಬೆಳ್ಳಿಯ ಲಿಂಗದ ಕರಡಿಗೆ ಎಲ್ಲವನ್ನೂ ಹಿತ್ತಲ ಬಂಡೆಯ ಮೇಲೆ ಹರವಿಕೊಂಡು ಬೆಳಗುವುದು ಮದುವೆಯಾಗಿ ಬಂದಾಗಿನಿಂದ ನನ್ನದೇ. ಆಂಧ್ರದ ಗಡಿಯ ನಮ್ಮ ಆದೋನಿಯ ವ್ಯಾಪಾರಸ್ಥರ ಮನೆಗಳಲ್ಲಿ ಅಮಾವಾಸ್ಯೆಗೆ ತಕ್ಕಡಿಗೆ ಎಷ್ಟು ಪೂಜೆಯೋ ಗಾಡಿಗೂ ಅಷ್ಟೇ ಪೂಜೆ. ಗಾಡಿ ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ಹಿತ್ತಾಳೆ ತಿಕ್ಕುವವಳು ಇದನ್ನೂ ತಿಕ್ಕಲಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವನವರು ಗಾಡಿಯನ್ನು ತಳ್ಳಿಕೊಂಡು ಬಂದು ನನ್ನ ಹುಣಸೆಹಣ್ಣಿನ ಬಟ್ಟಲಿನ ಪಕ್ಕದಲ್ಲಿ ನಿಲ್ಲಿಸಿದರು, ಅಷ್ಟೆ. ಈ ಮನೆಯಲ್ಲಿ ಕೆಲಸಗಳು ಹೀಗೇ ಬಂದು ಪಕ್ಕದಲ್ಲಿ ನಿಂತುಬಿಡುತ್ತವೆ.

ತಿಕ್ಕಬೇಕಾದದ್ದು ಇಡೀ ಗಾಡಿಯನ್ನಲ್ಲ, ಒಂದು ಮೊಳದಷ್ಟು ಪೈಪನ್ನು. ಇಂಜಿನ್ನಿನಿಂದ ಹೊರಟು, ಬಾಗಿ, ಕೆಳಗೆ ಸೈಲೆನ್ಸರಿಗೆ ಸೇರುವ ಭಾಗ. ಮೆಕ್ಯಾನಿಕ್‌ಗಳು ಅದಕ್ಕೆ ಬೆಂಡ್ ಪೈಪು ಅನ್ನುತ್ತಾರೆ. ಹೊಸದರಲ್ಲಿ ಅದು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತದೆ. ಬಿಸಿ ತಿಂದು ತಿಂದು ಮೊದಲು ಬೆಲ್ಲದ ಪಾಕದ ಬಣ್ಣಕ್ಕೆ ಬರುತ್ತದೆ, ಆಮೇಲೆ ನೇರಳೆ, ಕೊನೆಗೆ ನವಿಲಿನ ಕತ್ತಿನ ಹಾಗೆ ನೀಲಿ. ನೋಡಲು ಚೆಂದವೇ. ಆದರೆ ಗಾಡಿ ಇಟ್ಟವರ ಕಣ್ಣಿಗೆ ಅದು ಚೆಂದವಲ್ಲ. ನೀಲಿ ತಿರುಗಿದೆ ಅಂದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ, ಎಲ್ಲೋ ಏನೋ ಕೆಟ್ಟಿದೆ ಅಂತ ಅವರ ಲೆಕ್ಕ.

ಮೊದಲನೆಯ ಸಲ ನಾನು ಮಾಡಿದ್ದು ಹಿತ್ತಾಳೆಗೆ ಮಾಡುವುದನ್ನೇ. ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಪೈಪಿಗೆ ಬಳಿದು, ನೆನೆಯಲಿ ಎಂದು ಬಿಟ್ಟು, ತಿಕ್ಕಿ, ಮೇಲಿಂದ ಒಂದು ಚೆಂಬು ನೀರು ಸುರಿದೆ. ಚೆಂಬು ನೀರು ಪೈಪಿನ ಕೆಳಮೈಗೆ ಹೋಗಿರಲಿಲ್ಲ. ಮರುದಿನ ಮಾವನವರು ಪೂಜೆ ಮುಗಿಸಿ ಗಾಡಿ ಚಾಲೂ ಮಾಡಿದಾಗ ಓಣಿಯ ತುಂಬ ಸಾರು ಹೊತ್ತಿದ ವಾಸನೆ. ಮಾರುಕಟ್ಟೆಯಲ್ಲಿ ಗಾಡಿಯ ಹತ್ತಿರ ನಿಂತವರೆಲ್ಲ ಯಾರ ಬುತ್ತಿಯಲ್ಲಿ ಚಿತ್ರಾನ್ನ ಇದೆ ಎಂದು ಹುಡುಕಿದರಂತೆ. ಸಂಜೆ ಮಾವನವರು ಬಂದು ಇದನ್ನು ಅತ್ತೆಗೆ ಹೇಳಿ ನಗಾಡಿದರು. ಉಳಿದ ಹುಳಿ ಪೈಪಿನ ಮೇಲೇ ಸುಟ್ಟು ಕಂದು ಬಣ್ಣದ ಕಲೆಗಳಾಗಿ ಕೂತಿತ್ತು. ಅದನ್ನು ತೆಗೆಯಲು ನನಗೆ ಎರಡು ಅಮಾವಾಸ್ಯೆ ಹಿಡಿಯಿತು.

ಆಮೇಲೆ ಕಂಡುಕೊಂಡದ್ದು ವಿಭೂತಿ. ನಮ್ಮ ಕಡೆ ಬೆಳ್ಳಿಯನ್ನು ವಿಭೂತಿಯ ಪುಡಿಯಲ್ಲೇ ಬೆಳಗುವುದು. ಒಡೆದ ವಿಭೂತಿ ಗಟ್ಟಿಗಳ ಚೂರನ್ನು ಎಸೆಯುವ ಹಾಗಿಲ್ಲ, ಹಣೆಗೆ ಹಚ್ಚಲು ಬರುವುದಿಲ್ಲ. ಅವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟಿರುತ್ತೇವೆ. ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ, ಆ ಪುಡಿಯಲ್ಲಿ ಅದ್ದಿ, ಪೈಪಿನ ಒಂದು ಮೂಲೆಯಲ್ಲಿ ಉಜ್ಜಿ ನೋಡಿದೆ. ಪಾಕದ ಬಣ್ಣ ಸಲೀಸಾಗಿ ಬಿಟ್ಟಿತು. ನೀಲಿ ಮಾತ್ರ ಹಠ ಮಾಡಿತು. ಉಜ್ಜಿ ಉಜ್ಜಿ ತೋಳು ಬಿದ್ದುಹೋಗುವ ಹೊತ್ತಿಗೆ ಅದೂ ಬಿಟ್ಟಿತು.

ಅತ್ತೆ ಇದನ್ನು ಕಂಡು ಮೂರು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಹಣೆಗೆ ಹಚ್ಚುವ ವಿಭೂತಿಯನ್ನು ಹೊಗೆ ಉಗುಳುವ ಕೊಳವೆಗೆ ಹಚ್ಚುವುದೇ ಎಂದು ಅಡುಗೆಮನೆಯ ಗೋಡೆಗೆ ಹೇಳಿದರು, ನನಗೆ ಕೇಳಲಿ ಎಂದು. ತೀರ್ಮಾನ ಮಾಡಿದವರು ಮಾವನವರು. ಊಟಕ್ಕೆ ಕುಳಿತಾಗ ತಟ್ಟೆಯಿಂದ ತಲೆ ಎತ್ತದೆ, ಅದು ಇಷ್ಟು ವರ್ಷ ತಮ್ಮನ್ನು ಹೊತ್ತು ತಿರುಗಿದೆ, ಹೊತ್ತವರಿಗೆ ವಿಭೂತಿ ಹಚ್ಚಿದರೆ ಶಿವ ಬೇಡ ಅನ್ನುವುದಿಲ್ಲ ಅಂದರು. ಅಲ್ಲಿಗೆ ಆ ಡಬ್ಬಿ ಗಾಡಿಯದಾಯಿತು.

ಮಾವನವರದು ಹತ್ತಿಯ ದಲಾಲಿ. ಮಂಡಿಯ ಗದ್ದಿಗೆಯ ಮೇಲೆ ಈಗ ಕೂರುವವರು ನನ್ನ ಗಂಡ. ಹಳ್ಳಿ ತಿರುಗುವುದನ್ನು ಮಾತ್ರ ಮಾವನವರು ಬಹಳ ವರ್ಷ ಬಿಟ್ಟುಕೊಡಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಅತ್ತ ದೇವನಕೊಂಡ, ಇತ್ತ ಮದ್ದಿಕೇರದವರೆಗೆ ಅವರ ಗಾಡಿ ಹೋಗದ ಊರಿಲ್ಲ. ಒಂದು ಹಿಡಿ ಹತ್ತಿ ಎಳೆದು ನೋಡಿ, ಇದು ಯಾವ ಊರಿನ ಎರೆಮಣ್ಣಿನದು, ಮಳೆ ಯಾವಾಗ ಬಿದ್ದದ್ದು ಎಂದು ಹೇಳುತ್ತಿದ್ದರು. ಯಾರ ಹೊಲ ಎಲ್ಲಿದೆ, ಯಾವ ಬದುವಿನ ಆಚೆ ಯಾರು, ಯಾರ ಮನೆಗೆ ಯಾವ ಊರಿನ ಹೆಣ್ಣು ಬಂದಿದ್ದಾಳೆ, ಎಲ್ಲ ಬಾಯಲ್ಲೇ ಇತ್ತು. ದಲಾಲಿಗೆ ಬಂಡವಾಳ ಅಂದರೆ ಅದೇ. ಆ ನೆನಪನ್ನು ನಂಬಿ ರೈತರು ಇವರ ಮಂಡಿಗೆ ಬರುತ್ತಿದ್ದರು.

ಈ ತಿರುಗಾಟಕ್ಕೆ ಒಂದು ರೀತಿ ಇತ್ತು. ರೈತನ ಮನೆಯ ಮುಂದೆ ಗಾಡಿ ಬಂದ್ ಮಾಡಿದರೆ ನೀವು ಆ ಮನೆಯ ಅತಿಥಿ. ನೀರು ಬರುತ್ತದೆ, ಚಹಾ ಬರುತ್ತದೆ, ಉಗ್ಗಾಣಿ ಮಿರ್ಚಿ ಬರುತ್ತದೆ, ಆಮೇಲೆ ದರದ ಮಾತು ಬರುತ್ತದೆ. ಒಬ್ಬರ ಮನೆಯಲ್ಲಿ ಕುಳಿತು ಇನ್ನೊಬ್ಬರ ಮನೆ ದಾಟಿ ಹೋದರೆ ಆ ಇನ್ನೊಬ್ಬರು ವರ್ಷವಿಡೀ ಮುನಿಸಿಕೊಳ್ಳುತ್ತಾರೆ. ಅದಕ್ಕೆ ಮಾವನವರು ಗಾಡಿಯನ್ನು ಚಾಲೂ ಇಟ್ಟೇ ಪ್ರತಿ ಮನೆಯ ಮುಂದೆ ನಿಂತು, ಕಾಲು ಊರಿ, ಎಲ್ಲರನ್ನೂ ವಿಚಾರಿಸಿ ಮುಂದೆ ಹೋಗುತ್ತಿದ್ದರು. ಚಾಲೂ ಇದ್ದ ಗಾಡಿಯವನನ್ನು ಯಾರೂ ಒಳಗೆ ಕರೆಯುವುದಿಲ್ಲ. ಹತ್ತಿಯ ಕಾಲದಲ್ಲಿ ಅವರ ಪೈಪು ಸದಾ ಪಾಕದ ಬಣ್ಣದಲ್ಲಿ ಇರುತ್ತಿದ್ದುದು ಅದಕ್ಕೇ. ನಿಂತ ಗಾಡಿಗೆ ಗಾಳಿ ತಾಗುವುದಿಲ್ಲವಲ್ಲ.

ಹಿಂದಿನ ವರ್ಷ ಅವರು ಹಳ್ಳಿ ತಿರುಗುವುದನ್ನು ನಿಲ್ಲಿಸಿದರು. ಮಗ ಹೇಳಿದ್ದಕ್ಕೆ ಒಪ್ಪಿದರು. ವಯಸ್ಸಾಯಿತು, ಲಾರಿಗಳು ಹೆಚ್ಚಾದವು, ರೈತರೂ ಈಗ ದರವನ್ನು ಮೊಬೈಲಿನಲ್ಲೇ ಕೇಳಿಕೊಳ್ಳುತ್ತಾರೆ. ಬೆಳಿಗ್ಗೆ ಮಾರುಕಟ್ಟೆ ಯಾರ್ಡಿಗೆ ಹೋಗಿ ಪರಿಚಯದವರ ಜೊತೆ ಕುಳಿತು ಮಧ್ಯಾಹ್ನಕ್ಕೆ ಮನೆಗೆ ಬರುವುದು ಎಂದು ಠರಾವಾಯಿತು. ನಮ್ಮ ಮನೆಯಿಂದ ಯಾರ್ಡು ಎಷ್ಟು ದೂರ, ನಡೆದೇ ಹೋಗಬಹುದು. ಅಷ್ಟು ಹತ್ತಿರ ಹೋಗಿಬರುವ ಗಾಡಿಯ ಪೈಪು ಬೆಳ್ಳಗೇ ಇರಬೇಕಿತ್ತು.

ಅದು ಬೆಳ್ಳಗೆ ಇರಲಿಲ್ಲ. ಅಮಾವಾಸ್ಯೆಗೆ ಬೆಳಗಿ ಇಟ್ಟರೆ ಹುಣ್ಣಿಮೆಯ ಹೊತ್ತಿಗೆ ಬುಡದಲ್ಲಿ ನೇರಳೆ, ಮುಂದಿನ ಅಮಾವಾಸ್ಯೆಗೆ ಅಚ್ಚ ನೀಲಿ. ಹತ್ತಿಯ ಕಾಲದಲ್ಲೂ ಅಷ್ಟು ನೀಲಿ ಕಂಡಿರಲಿಲ್ಲ. ನಾನು ತಿಕ್ಕುವುದು, ಅದು ತಿರುಗುವುದು, ಮತ್ತೆ ನಾನು ತಿಕ್ಕುವುದು. ಮನೆಗೆಲಸ ಎಲ್ಲವೂ ಹಾಗೇ ತಾನೇ, ಬೆಳಗಿದ್ದು ಮಸಿಯಾಗಲೇಬೇಕು. ಆದರೂ ಪಾತ್ರೆ ಮಸಿಯಾದರೆ ಅನ್ನವಾದರೂ ಬೆಂದಿರುತ್ತದೆ. ಈ ಪೈಪು ಯಾಕೆ ಕಾಯುತ್ತದೋ ಗೊತ್ತಿಲ್ಲದೆ ತಿಕ್ಕುವುದು ನನಗೆ ಸಾಕುಸಾಕಾಗಿತ್ತು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಬಂಕಿನವರು ಪೆಟ್ರೋಲಿಗೆ ಏನೋ ಕಲಸುತ್ತಾರೆ ಎಂದು ನನ್ನ ಗಂಡ. ದೃಷ್ಟಿ ತಾಗಿದೆ ಎಂದು ಅತ್ತೆ. ಹ್ಯಾಂಡಲಿಗೆ ಮೆಣಸಿನಕಾಯಿ, ನಿಂಬೆಹಣ್ಣು, ಕರಿ ದಾರ ಕಟ್ಟಿದರು. ಈ ಊರಿನ ಬಿಸಿಲಿಗೆ ಮನುಷ್ಯರೇ ಬಣ್ಣ ತಿರುಗುವಾಗ ಪೈಪಿನದೇನು ಎಂದು ಮಾವನವರು. ಆದರೆ ಹಾಗೆ ಅನ್ನುವಾಗ ಅವರು ನಗುತ್ತಿರಲಿಲ್ಲ.

ಮೆಕ್ಯಾನಿಕ್ ನಮ್ಮ ಓಣಿಯ ತುದಿಯವನೇ. ಕಾರ್ಬುರೇಟರ್ ಬಿಚ್ಚಿ ತೊಳೆದ. ಪೆಟ್ರೋಲು ಕಡಿಮೆ, ಗಾಳಿ ಹೆಚ್ಚಾದರೆ ಇಂಜಿನ್ ಕಾಯುತ್ತದೆ ಎಂದು ಸ್ಕ್ರೂ ತಿರುಗಿಸಿದ. ಮತ್ತೆ ನೀಲಿಯಾದಾಗ ಇನ್ನೊಮ್ಮೆ ತಿರುಗಿಸಿದ. ಪ್ಲಗ್ಗು ಬದಲಿಸಿದ, ಆಯಿಲ್ ಬದಲಿಸಿದ, ಕೊನೆಗೆ ನನ್ನ ಗಂಡನ ಪೆಟ್ರೋಲಿನ ವಾದಕ್ಕೇ ಅವನೂ ಸೇರಿಕೊಂಡ. ಒಂದು ಸಲ ಮಾತ್ರ, ಗಾಡಿಯನ್ನು ನಿಂತಲ್ಲೇ ಬಹಳ ಹೊತ್ತು ಚಾಲೂ ಇಡುತ್ತೀರೇನು ಎಂದು ಮಾವನವರನ್ನು ಕೇಳಿದ್ದ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಹಳ್ಳಿ ತಿರುಗಾಟವನ್ನೇ ಬಿಟ್ಟಿದ್ದಾರೆ, ಯಾರ ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ನಾವೂ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿವರಾತ್ರಿಯ ಮುಂಚೆ ಒಂದು ದಿನ ನನ್ನ ಗಂಡ ಪೈಪನ್ನು ಬಗ್ಗಿ ನೋಡಿ, ಗಾಡಿ ಮಾರುವ ಮಾತು ತೆಗೆದರು. ಹೀಗೆ ಕಾಯುವ ಹಳೆಯ ಇಂಜಿನ್ ರಸ್ತೆಯ ನಡುವೆ ಹಿಡಿದುಕೊಂಡರೆ ಅಪ್ಪ ಬೀಳುತ್ತಾರೆ, ಹಿಂದೆ ಲಾರಿ ಇದ್ದರೆ ಮುಗಿಯಿತು, ಅದು ಅವರ ಭಯ. ಅಪ್ಪನ ಮೇಲಿನ ಪ್ರೀತಿಯಿಂದಲೇ ಹೇಳಿದರು, ಆದರೆ ಗದರಿಸುವ ದನಿಯಲ್ಲಿ.

"ಇನ್ನೊಮ್ಮೆ ನೀಲಿ ತಿರುಗಿದ್ದು ಕಂಡಿತಂದ್ರ ಗಾಡಿ ಕೊಟ್ಟುಬಿಡೋದ. ಯಾರ್ಡಿಗೆ ನಾನ ಬಿಟ್ಟು ಬರ್ತೀನಿ, ನಾನ ಕರ್ಕೊಂಡು ಬರ್ತೀನಿ."

ಮಾವನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಮಗ ಹೇಳಿದ್ದು ಏನು ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ಗಾಡಿ ಹೋದರೆ ಅವರು ಮಗ ಬಿಟ್ಟಲ್ಲಿ ಕುಳಿತು, ಮಗ ಕರೆದಾಗ ಏಳುವವರಾಗುತ್ತಾರೆ. ಇಡೀ ತಾಲೂಕನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ.

ಆಮೇಲಿನಿಂದ ನನಗೆ ಅಮಾವಾಸ್ಯೆಯವರೆಗೆ ಕಾಯುವ ಬಿಡುವೂ ಸಿಗಲಿಲ್ಲ. ವಾರದಲ್ಲಿ ಎರಡು ಮೂರು ಸಲ ಮಾವನವರು ಮಧ್ಯಾಹ್ನ ಬಂದವರೇ ಗಾಡಿಯನ್ನು ನೆಟ್ಟಗೆ ಹಿತ್ತಲಿಗೆ ತಂದು ನಿಲ್ಲಿಸುತ್ತಿದ್ದರು. ಡಬ್ಬಿಯನ್ನೂ ಪಂಚೆಯ ತುಂಡನ್ನೂ ತಾವೇ ತಂದು ಬಂಡೆಯ ಮೇಲೆ ಇಡುತ್ತಿದ್ದರು.

"ಸ್ವಲ್ಪ ತಿಕ್ಕಿ ಕೊಡವ್ವಾ," ಅನ್ನುತ್ತಿದ್ದರು. "ಅಂವ ಬರೋದ್ರಾಗ."

ಸೊಸೆಗೆ ಎಂದೂ ಏನನ್ನೂ ಕೇಳದವರು ಹಾಗೆ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಪೈಪು ಆರುವವರೆಗೆ ಕಾದು, ಒಲೆಯ ಮೇಲಿನದನ್ನು ಇಳಿಸಿ ಬಂದು, ಕುಕ್ಕರುಗಾಲಿನಲ್ಲಿ ಕುಳಿತು ಉಜ್ಜುತ್ತಿದ್ದೆ. ಅವರು ಕಟ್ಟೆಯ ಮೇಲೆ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದರು. ಎಷ್ಟೋ ಸಲ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಿದ್ದೇನೆ. ಮೇಲಿನ ಹೊಳಪು ಪದರ ಬುಡದಲ್ಲಿ ಸವೆದು ಹಳದಿಗಟ್ಟುತ್ತಿತ್ತು, ಇನ್ನು ಎಷ್ಟು ದಿನ ಹೀಗೆ ಎಂದು ಕೇಳಬೇಕು ಅನಿಸುತ್ತಿತ್ತು. ಗಾಲಿಗಳ ತುಂಬ ಕೆಂಪು ಧೂಳು ಇರುತ್ತಿತ್ತು. ಯಾರ್ಡಿನ ದಾರಿ ಪೂರ್ತಿ ಡಾಂಬರಿನದು. ಅದನ್ನು ಕಂಡೂ ನಾನು ಒಂದು ಮಗ್ ನೀರು ಹೆಚ್ಚಿಗೆ ಹಾಕಿದೆನೇ ಹೊರತು ಯೋಚನೆ ಮಾಡಲಿಲ್ಲ. ದಣಿದವರು ಯೋಚನೆ ಮಾಡುವುದಿಲ್ಲ, ಎದುರಿಗಿದ್ದದ್ದನ್ನು ತೊಳೆಯುತ್ತಾರೆ.

ಬಿಸಿಲು ಏರುತ್ತಿದ್ದ ದಿನಗಳು. ನಮ್ಮ ತವರು ದೇವನಕೊಂಡದ ಕಡೆ. ಅಲ್ಲಿ ಅಣ್ಣನ ಮಗಳಿಗೆ ಸೀರೆ ಉಡಿಸುವ ಕಾರ್ಯ ಮುಗಿಸಿಕೊಂಡು, ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬಳೇ ಆದೋನಿಗೆ ಬರುತ್ತಿದ್ದೆ. ಆಸ್ಪರಿ ದಾಟಿದ ಮೇಲೆ ಒಂದು ಕಡೆ ರಸ್ತೆ ಕವಲಾಗುತ್ತದೆ. ಬಲಕ್ಕೆ ಹೋದರೆ ಆದೋನಿ, ಎಡಕ್ಕೆ ಹೋದರೆ ಹಳ್ಳಿಗಳು. ಕವಲಿನ ಈಚೆ ಒಂದು ಬೇವಿನ ಮರ. ಮರದ ಕೆಳಗೆ ಗಾಡಿಯ ಮೇಲೆ ಕುಳಿತು, ಎರಡೂ ಕಾಲು ನೆಲಕ್ಕೆ ಊರಿಕೊಂಡು, ಮುಂದೆ ನೋಡುತ್ತಿದ್ದವರು ನಮ್ಮ ಮಾವನವರ ಹಾಗೆ ಕಂಡರು. ಬಸ್ಸು ಸ್ವಲ್ಪ ಮುಂದೆ ಹೋದ ಮೇಲೆ ಹ್ಯಾಂಡಲಿನಲ್ಲಿದ್ದ ಮೆಣಸಿನಕಾಯಿ, ನಿಂಬೆಹಣ್ಣು ನೆನಪಿಗೆ ಬಂದು, ಹಾಗೆ ಕಂಡದ್ದಲ್ಲ, ಅವರೇ ಎಂದು ಖಾತ್ರಿಯಾಯಿತು. ಕೂಗಿ ಬಸ್ಸು ನಿಲ್ಲಿಸಿದೆ. ಇಲ್ಲಿ ಸ್ಟಾಪು ಇಲ್ಲ ಎಂದು ಕಂಡಕ್ಟರ್ ತೆಲುಗಿನಲ್ಲಿ ಗೊಣಗಿದ. ನಾನೂ ತೆಲುಗಿನಲ್ಲೇ ಏನೋ ಅಂದು ಚೀಲ ಎತ್ತಿಕೊಂಡು ಇಳಿದೆ.

ಹತ್ತಿರ ಹೋಗುವವರೆಗೂ ಅವರು ನನ್ನನ್ನು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಅವರ ಮುಖದಲ್ಲಿ ಕಂಡದ್ದು ಗಾಬರಿಯಲ್ಲ, ನಿರಾಳ. ಗಾಡಿ ಚಾಲೂ ಇತ್ತು. ಎಷ್ಟು ಹೊತ್ತಿನಿಂದ ಚಾಲೂ ಇತ್ತೋ, ಪೈಪಿನ ಹತ್ತಿರ ಹೋದರೆ ಕಾಲಿಗೆ ಒಲೆಯ ಝಳ ಹೊಡೆದಂತಾಯಿತು. ಮೊನ್ನೆ ತಾನೇ ತಿಕ್ಕಿ ಬೆಳ್ಳಗೆ ಮಾಡಿದ್ದೆ. ಆಗಲೇ ಬುಡ ನೇರಳೆಯಾಗಿತ್ತು.

ಇಲ್ಲಿ ಯಾಕೆ ನಿಂತಿದ್ದೀರಿ ಎಂದು ಕೇಳಿದೆ. ಒಬ್ಬರು ಬರುವುದಿದೆ, ಕಾಯುತ್ತಿದ್ದೇನೆ ಅಂದರು. ಯಾರು ಎಂದೆ. ಕವಲಿನ ಕಡೆ ನೋಡಿದರು. ಸರಿ, ಬರುವವರು ಬರಲಿ, ಅಲ್ಲಿಯವರೆಗೆ ಗಾಡಿ ಬಂದ್ ಮಾಡಿ, ಪೈಪು ಕಾಯುತ್ತದೆ ಎಂದು ಕೀಲಿಗೆ ಕೈ ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಮಾವನವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು.

"ಬಂದ್ ಮಾಡಬ್ಯಾಡವ್ವಾ. ಬಂದ್ ಮಾಡಿದರ ಹೋಗೋರು ಬರೋರೆಲ್ಲ ನಿಂತು ಕೇಳ್ತಾರ, ಯಾಕ ನಿಂತೀರಿ, ಗಾಡಿ ಕೆಟ್ಟೈತೇನು ಅಂತ. ಚಾಲೂ ಇದ್ದರ ಯಾರಿಗೋ ಕಾಯಾಕತ್ತಾರ ಅಂತ ತಮ್ಮ ದಾರಿ ಹಿಡಿತಾರ. ಅಷ್ಟ್ರಾಗ ನನಗ ನೆನಪಾಗತೈತಿ."

"ಏನು ನೆನಪಾಗಬೇಕು ಮಾವಾ?"

ಅವರು ಬಹಳ ಮೆಲ್ಲಗೆ ಹೇಳಿದರು. "ಮನಿ ಯಾ ಕಡಿ ಅಂತ."

ನನಗೆ ಮೊದಲು ಬಂದದ್ದು ಸಿಟ್ಟು. ಸುಳ್ಳು ಹೇಳುವುದಿಲ್ಲ. ಎಷ್ಟು ಮಧ್ಯಾಹ್ನಗಳು, ಎಷ್ಟು ಸಲ ಅರ್ಧ ಬೆಂದ ಅಡುಗೆ ಬಿಟ್ಟು ಎದ್ದು ಬಂದದ್ದು, ಭುಜದ ನೋವಿಗೆ ರಾತ್ರಿ ಎಣ್ಣೆ ಹಚ್ಚಿಕೊಂಡದ್ದು, ಎಲ್ಲ ಒಟ್ಟಿಗೆ ನೆತ್ತಿಗೇರಿತು. ಮೆಕ್ಯಾನಿಕ್ ಕೇಳಿದಾಗ ತಲೆ ಅಲ್ಲಾಡಿಸಿದರಲ್ಲ, ಆ ತಲೆಯೇ ಕಣ್ಣ ಮುಂದೆ ಬಂತು. ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ. ಆಮೇಲೆ ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಯಾರಿಗೆ ಹೇಳಬೇಕಿತ್ತು ಅವರು? ಗಾಡಿ ಮಾರುತ್ತೇನೆ ಅನ್ನುವ ಮಗನಿಗೋ? ದಾರಿಯಲ್ಲಿ ಸಿಕ್ಕವರಿಗೋ? ಆ ರಸ್ತೆಯ ಎರಡೂ ಕಡೆಯ ಹೊಲಗಳ ಒಡೆಯರಿಗೆಲ್ಲ ಇವರು ಗೊತ್ತು. ಆದೋನಿಗೆ ದಾರಿ ಯಾವುದು ಎಂದು ಇವರು ಒಬ್ಬರನ್ನು ಕೇಳಿದರೆ ಸಂಜೆಯೊಳಗೆ ಯಾರ್ಡಿನ ತುಂಬ ಅದೇ ಸುದ್ದಿ. ದಾರಿ ಮರೆತ ದಲಾಲಿಯ ಮಂಡಿಗೆ ಹತ್ತಿ ತರುವವರು ಯಾರು?

ಬಿಡಿಸಿ ಬಿಡಿಸಿ ಕೇಳಿದಾಗ ಒಂದಿಷ್ಟು ಹೇಳಿದರು. ಬೆಳಿಗ್ಗೆ ಯಾರ್ಡಿಗೆಂದೇ ಹೊರಡುತ್ತಾರಂತೆ. ಕೈ ತಾನಾಗಿ ಹಳೆಯ ದಾರಿಗೆ ತಿರುಗುತ್ತದಂತೆ. ಹೋಗುವುದು ಕಷ್ಟವಿಲ್ಲ, ಊರುಗಳು ಒಂದಾದ ಮೇಲೊಂದು ಬರುತ್ತವೆ, ಎಲ್ಲ ಗುರುತಿನವೇ. ತಿರುಗಿ ಬರುವಾಗ ಮಾತ್ರ ಕವಲಿನಲ್ಲಿ ನಿಂತರೆ ಎರಡು ರಸ್ತೆಯೂ ಒಂದೇ ಥರ ಕಾಣುತ್ತವೆ. ನಿಂತು ಕಾದರೆ ಒಂದೊಂದು ದಿನ ಬೇಗ ಹೊಳೆಯುತ್ತದೆ, ಒಂದೊಂದು ದಿನ ತಡವಾಗುತ್ತದೆ. ಇಷ್ಟನ್ನೂ ಅವರು ಯಾರದೋ ಹತ್ತಿಯ ಗುಣ ಹೇಳುವ ಹಾಗೆ ಹೇಳಿದರು. ಕೇಳುತ್ತ ಕೇಳುತ್ತ ನಾನು ಬೇವಿನ ಬೊಡ್ಡೆಗೆ ಒರಗಿದೆ. ತುಂಬ ದಣಿವಾಗಿತ್ತು. ನನಗಷ್ಟೇ ಅಲ್ಲ. ಒಂದು ವರ್ಷ ಈ ಮನುಷ್ಯ ಹೀಗೆ ಬಿಸಿಲಲ್ಲಿ ನಿಂತು ನಿಂತು ಎಷ್ಟು ದಣಿದಿರಬೇಕು ಅನಿಸಿ ಕಣ್ಣಲ್ಲಿ ನೀರು ಬಂತು.

"ಅಂವಗ ಹೇಳಬ್ಯಾಡ," ಅಂದರು.

ಅದೇ ಹೊತ್ತಿಗೆ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ನನ್ನ ಗಂಡ. ಅಪ್ಪ ಇನ್ನೂ ಮನೆಗೆ ಬಂದಿಲ್ಲ, ಯಾರ್ಡಿನಲ್ಲೂ ಇಲ್ಲ, ಫೋನು ಎತ್ತುತ್ತಿಲ್ಲ ಅಂದರು. ನನ್ನ ಜೊತೆಗೇ ಇದ್ದಾರೆ, ಬಸ್‌ಸ್ಟಾಂಡಿಗೆ ಕರೆಯಲು ಬಂದಿದ್ದರು, ಬರುತ್ತೇವೆ ಎಂದೆ. ಹೇಳಲೇಬೇಕಾದದ್ದನ್ನು ಹೇಳುವುದಿತ್ತು, ಹೇಳದೆ ಬಿಡುವಷ್ಟು ದಡ್ಡಿ ನಾನಲ್ಲ. ಆದರೆ ಅವರ ಎದುರಿಗೇ, ಆ ಮರದ ಕೆಳಗೆ, ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಮನೆಗೆ ಹೋಗಿ ಊಟ ಹಾಕಿ, ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ಫೋನು ಇಡುವುದರೊಳಗೆ ಹಿಂದಿನಿಂದ ಒಂದು ಟ್ರ್ಯಾಕ್ಟರು ಬಂದು ನಿಂತಿತು. ನಡುವಯಸ್ಸಿನ ರೈತ, ತಲೆಗೆ ಟವೆಲ್ಲು ಸುತ್ತಿದ್ದ. ಮಾವನವರನ್ನು ಕಂಡು ಇಂಜಿನ್ ತಗ್ಗಿಸಿ ಕೈ ಮುಗಿದ. ಇವನ ಗುರುತು ಸಿಗುತ್ತದೋ ಇಲ್ಲವೋ ಎಂದು ನಾನು ಮಾವನವರ ಮುಖ ನೋಡಿದೆ. ಮಾವನವರು ಅವನ ಹೊಸ ಬೋರಿನಲ್ಲಿ ನೀರು ನಿಂತಿದೆಯೇ ಎಂದು ಕೇಳಿದರು. ಅವನ ಕೆಳಗಿನ ಹೊಲದ ಹತ್ತಿ ಹೋದ ವರ್ಷ ಎಳೆ ಗಿಡ್ಡವಾಗಿತ್ತು, ಬೀಜ ಬದಲಿಸು ಅಂದರು. ಮಗಳನ್ನು ಮಾಧವರಂ ಹತ್ತಿರ ಕೊಟ್ಟದ್ದು, ಅವಳ ಬಾಣಂತನ, ಯಾವುದನ್ನೂ ಬಿಡಲಿಲ್ಲ. ಒಂದು ಮಾತೂ ತಪ್ಪಲಿಲ್ಲ. ರೈತ ತೆಲುಗಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಉತ್ತರ ಕೊಡುತ್ತ ಹಿಗ್ಗಿಹೋದ. ಇಷ್ಟೆಲ್ಲ ತುಂಬಿಕೊಂಡ ತಲೆಯಲ್ಲಿ ಮನೆಯ ದಾರಿಯೊಂದಕ್ಕೆ ಜಾಗವಿಲ್ಲದೆ ಹೋಯಿತಲ್ಲ ಎಂದು ನಾನು ನೋಡುತ್ತಾ ನಿಂತೆ.

ಮಾತು ಮುಗಿಯುತ್ತ ಬಂತು. ರೈತ ಹೊರಡಲಿಲ್ಲ, ಹಿರಿಯರು ಮೊದಲು ಹೊರಡಲಿ ಎಂದು ಮರ್ಯಾದೆಗೆ ಕಾಯುತ್ತಿದ್ದ. ಮಾವನವರು ನನ್ನ ಮುಖ ನೋಡಿದರು. ಆಮೇಲೆ ಸೀಟಿನ ಮೇಲೆ ನಿಧಾನವಾಗಿ ಹಿಂದಕ್ಕೆ ಸರಿದು ಮುಂದೆ ಜಾಗ ಮಾಡಿದರು.

"ನೀನ ನಡಸವ್ವಾ. ದಾರಿ ನಾ ಹೇಳ್ತೀನಿ."

ತವರಿನಲ್ಲಿ ಹೊಲಕ್ಕೆ ಬುತ್ತಿ ಒಯ್ಯಲು ಅಣ್ಣನ ಗೇರಿನ ಗಾಡಿ ಓಡಿಸುತ್ತಿದ್ದವಳು ನಾನು. ಈ ಮನೆಗೆ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವರಿಗೆ ಹೇಗೆ ಗೊತ್ತಿತ್ತೋ. ಯಾವ ಊರಿನ ಹೆಣ್ಣು ಏನು ಬಲ್ಲಳು ಎಂದು ತಿಳಿದುಕೊಳ್ಳುವುದೂ ಅವರ ಕಸುಬೇ ಇರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಅವರ ಕೈಗೆ ಕೊಟ್ಟು, ಮುಂದೆ ಕುಳಿತೆ. ಕಾಲು ಪೈಪಿಗೆ ತಾಗದ ಹಾಗೆ ಸೀರೆಯನ್ನು ಎತ್ತಿ ಮಡಚಿಕೊಂಡೆ.

ರೈತ ನಕ್ಕ. "ಸೊಸೀಗೆ ಗಾಡಿ ಕಲಸಾಕತ್ತೀರೇನ್ರಿ ಸಾವ್ಕಾರ್ರ?"

"ಗಾಡಿ ಆಕಿಗೆ ಬರತೈತಿ," ಅಂದರು ಮಾವನವರು. ದನಿಯಲ್ಲಿ ಹಳೆಯ ಗತ್ತು ಇತ್ತು. "ದಾರಿ ಕಲಸಾಕತ್ತೀನಿ."

ಗೇರು ಹಾಕಿ ಮೆಲ್ಲಗೆ ಬಿಟ್ಟೆ. ಹಿಂದೆ ಟ್ರ್ಯಾಕ್ಟರಿನ ಸದ್ದು ಹಾಗೇ ಇತ್ತು. ಅವನು ಇನ್ನೂ ನಮ್ಮನ್ನೇ ನೋಡುತ್ತ ನಿಂತಿದ್ದ. ಕವಲು ಹತ್ತಿರ ಬಂತು. ನಾನು ಆದೋನಿಯ ಕಡೆ, ಬಲಕ್ಕೆ, ಕೈ ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಮಾವನವರು ನನ್ನ ಭುಜದ ಮೇಲಿನಿಂದ ಕೈ ಚಾಚಿ, ಹಿಂದಿನವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದರು.

"ಎಡಕ್ಕ."

ನಾನು ಎಡಕ್ಕೆ ತಿರುಗಿಸಿದೆ.